ಪದಚರ್ಚೆ: ‘ಜೋರು’, ‘ಮೆಲ್ಲಗೆ’ – ಸದ್ದಿಗೋ, ವೇಗಕ್ಕೋ?

ಎಲ್ಲರಿಗೂ ನಮಸ್ಕಾರ.

ಮಕ್ಕಳ ಚಿತ್ರದ ಕಾರ್ಡಿನ ಕೆಳಗೆ ಬರೆಯಲು ನನಗೆ ಬೇಕಿರುವುದು ನಾಲ್ಕೇ ಪದ. ಸದ್ದು ಹೆಚ್ಚು, ಸದ್ದು ಕಡಿಮೆ, ವೇಗ ಹೆಚ್ಚು, ವೇಗ ಕಡಿಮೆ – ಇವಕ್ಕೆ ಒಂದೊಂದು. ಅಜ್ಜಿಯ ಬಾಯಲ್ಲಿ ಸಲೀಸಾಗಿ ಬರಬೇಕು, ಒಂದು ಪದ ಇನ್ನೊಂದರ ಜಾಗಕ್ಕೆ ಹೋಗಿ ಕೂರಬಾರದು. ಇಷ್ಟೇನಾ ಅನ್ನಿಸಿದರೆ ಮುಂದೆ ಓದಿ.

ನಾನಿರುವುದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ, ಕಸುಬು ಡಿಟಿಪಿ. ಆಟಿಸಂ ಇರುವ, ಮಾತು ತಡವಾದ ಮಕ್ಕಳಿಗೆ ಮುಲುಂಡಿನಲ್ಲಿ ಸಂಗೀತ ಚಿಕಿತ್ಸೆ ಮಾಡುವ ಒಬ್ಬರಿಗೆ ಚಿತ್ರದ ಕಾರ್ಡು ಮಾಡಿಕೊಡುತ್ತೇನೆ. ಡೋಲಕ್, ತಾಳ, ಗೆಜ್ಜೆ, ‘ಇನ್ನೊಂದ್ಸಲ’, ‘ಸಾಕು’, ಹೀಗೆ. ಮಗು ತನಗೆ ಬೇಕಾದ ಕಾರ್ಡನ್ನು ಹಲಗೆಯಿಂದ ಕಿತ್ತು ಎದುರಿಗಿದ್ದವರ ಕೈಗೆ ಕೊಡುತ್ತದೆ. ಅವರು ಆ ಪದವನ್ನು ಬಾಯಿಬಿಟ್ಟು ಹೇಳಿ, ಕೇಳಿದ್ದನ್ನು ಕೊಡುತ್ತಾರೆ. ಚಿತ್ರ ಕೊಟ್ಟು ಕೇಳುವ ಈ ಪದ್ಧತಿಯನ್ನು 1985ರಲ್ಲಿ ಅಮೆರಿಕದ ಡೆಲವೇರ್‌ನಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದರು, ಪೆಕ್ಸ್ ಅನ್ನುತ್ತಾರೆ. ಇದೇ ಕೆಲಸಕ್ಕೆ ಮುಂಬೈನ ಪೊವಾಯಿಯ ಐಐಟಿಯಲ್ಲಿ ಹುಟ್ಟಿದ ಜೆಲ್ಲೋ ಎಂಬ ಆ್ಯಪ್ ಕೂಡ ಇದೆ. ಆದರೆ ಡೋಲಕ್ ಪಕ್ಕದಲ್ಲಿ ಫೋನಿಟ್ಟರೆ ಡೋಲಕ್ಕನ್ನು ಯಾವ ಮಗು ನೋಡೀತು? ಹಾಗಾಗಿ ಕಾರ್ಡೇ ಸೈ.

ಇಲ್ಲಿ ಗಮನಿಸಬೇಕಾದ್ದು, ಚಿತ್ರದ ಕೆಳಗೆ ಬರೆದ ಅಕ್ಷರ ಮಗುವಿಗಲ್ಲ, ದೊಡ್ಡವರಿಗೆ. ಮಗು ಚಿತ್ರ ನೋಡುತ್ತೆ, ಪದ ಕೇಳುತ್ತೆ. ಅಮ್ಮ ಒಂದು ಹೇಳಿ, ಅಜ್ಜಿ ಇನ್ನೊಂದು ಹೇಳಿದರೆ ಒಂದೇ ಕಾರ್ಡಿಗೆ ಎರಡು ಹೆಸರು. ಚಿಕಿತ್ಸೆಯ ಹೊತ್ತಿನಲ್ಲಿ ನಡೆಯುವುದು ಹಿಂದಿ, ಮರಾಠಿ. ಮನೆಯಲ್ಲಿ ಅಭ್ಯಾಸ ಮಾಡಿಸುವವರು ಅಜ್ಜಿಯರಾದ್ದರಿಂದ ಕನ್ನಡದ ಒಂದು ಕಟ್ಟು ಬೇಕೆಂದು ಚಿಕಿತ್ಸಕಿ ಕೇಳಿದರು, ಒಪ್ಪಿಕೊಂಡೆ.

ತೊಡಕು ಕಣ್ಣಿಗೆ ಬಿದ್ದದ್ದು ಕುಂದಾಪುರ ಕಡೆಯ ಒಬ್ಬ ಅಜ್ಜಿ ಮೊಮ್ಮಗನ ಜೊತೆ ಬಂದ ದಿನ. ಹುಡುಗ ಡೋಲಕ್ಕನ್ನು ಕೋಣೆ ನಡುಗುವಂತೆ ಬಡಿಯುತ್ತಿದ್ದ. ಚಿಕಿತ್ಸಕಿ ಸದ್ದು ತಗ್ಗಿಸು ಎಂಬ ಕಾರ್ಡು ತೋರಿಸಿದರು. ಅಜ್ಜಿ ಪಕ್ಕದಿಂದ, “ಮೆಲ್ಲ ಬಾರ್ಸು ಮಗಾ, ಮೆಲ್ಲ” ಅಂದರು. ಹುಡುಗ ಕೈಯನ್ನು ಇನ್ನೂ ಮೇಲೆತ್ತಿ, ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಬಿಡುವು ಕೊಟ್ಟು, ಅಷ್ಟೇ ಸದ್ದಿನಲ್ಲಿ ಬಡಿದ. ಧಡ್... ಧಡ್... “ಹೇಳಿದ್ ಮಾತ್ ಕೇಂತಿಲ್ಲ ಕಾಣಿ” ಎಂದರು ಅಜ್ಜಿ. ಅವನು ಕೇಳಿದ್ದ! ಮೆಲ್ಲ ಅಂದರೆ ನಿಧಾನ ಅಂತಲೂ ಹೌದಲ್ಲ.

ಮಾತು ಕಲಿತವರಿಗೆ ಇದು ತೊಂದರೆಯೇ ಅಲ್ಲ. ‘ಮಗು ಮಲಗಿದೆ, ಮೆಲ್ಲಗೆ ಮಾತಾಡು’ ಅಂದಾಗ ಯಾರೂ ಎಳೆದೆಳೆದು ಮಾತಾಡುವುದಿಲ್ಲ. ‘ಮೆಲ್ಲಗೆ ಇಳಿ, ಜಾರುತ್ತೆ’ ಅಂದಾಗ ಹೆಜ್ಜೆ ಸಪ್ಪಳ ತಗ್ಗಿಸುವುದೂ ಇಲ್ಲ. ಸಂದರ್ಭ ಎಲ್ಲವನ್ನೂ ತೂಗಿಸಿಕೊಂಡು ಹೋಗುತ್ತದೆ. ಡೋಲಕ್ಕಿನ ಮುಂದೆ ಮಾತ್ರ ಎರಡು ಅರ್ಥವೂ ಸರಿಸಮ ನಿಲ್ಲುತ್ತವೆ. ಮೆಲ್-ನ ಮೂಲದಲ್ಲೇ ಮೃದು, ನಿಧಾನ ಎರಡೂ ಸೇರಿವೆ, ತಮಿಳಿನ ‘ಮೆಲ್ಲ’ದಲ್ಲೂ ಹಾಗೇ. ಇನ್ನು ‘ಜೋರು’ ಪಾರ್ಸಿಯಿಂದ ಬಂದದ್ದು, ಮೂಲಾರ್ಥ ಬಲ. ಬಲ ಹಾಕಿ ಹಾಡಿದರೆ ಸದ್ದು, ಬಲ ಹಾಕಿ ಓಡಿದರೆ ವೇಗ, ಹಾಗಾಗಿ ಜೋರಾಗಿ ಹಾಡು, ಜೋರಾಗಿ ಓಡು ಎರಡೂ ನಡೆಯುತ್ತದೆ. ಮುಂಬೈನ ಮಕ್ಕಳಿಗೆ ಬೇರೆ ಭಾಷೆಯ ಆಸರೆಯೂ ಇಲ್ಲ: ಹಿಂದಿಯ ‘ಧೀರೇ’, ಮರಾಠಿಯ ‘ಹಳೂ’ ಎರಡೂ ಇದೇ ಜಾತಿ.

ಚಿತ್ರದಲ್ಲಿ ದಾರಿ ಸಿಕ್ಕಿತು. ಮೊದಲು ವೇಗಕ್ಕೆ ಆಮೆ, ಮೊಲ ಹಾಕಿದ್ದೆವು. ಮಕ್ಕಳು ಆಮೆಯ ಕಾರ್ಡು ಕೊಟ್ಟು ಆಮೆಯನ್ನೇ ಕೇಳಲು ಶುರುಮಾಡಿದರು, ನ್ಯಾಯವೇ. ಈಗ ಬರೀ ಚುಕ್ಕೆಗಳ ಸಾಲು. ಚುಕ್ಕೆಯ ಗಾತ್ರ ಸದ್ದು, ಚುಕ್ಕೆಗಳ ನಡುವಿನ ಅಂತರ ವೇಗ. ದೊಡ್ಡ ಚುಕ್ಕೆ ದೂರದೂರ ಇದ್ದರೆ ಆ ಹುಡುಗ ಬಡಿದನಲ್ಲ, ಅದು. ಸಣ್ಣ ಚುಕ್ಕೆ ಒತ್ತೊತ್ತಾಗಿದ್ದರೆ ಬೆರಳ ತುದಿಯಲ್ಲಿ ಬೇಗಬೇಗ ತಟ್ಟುವುದು. ಬೆರಳಿಟ್ಟು ಚುಕ್ಕೆಯಿಂದ ಚುಕ್ಕೆಗೆ ಹೋಗುತ್ತಾ ಬಾರಿಸಬಹುದು. ಮೂಲೆ ಗುಂಡಗೆ ಕತ್ತರಿಸಿ ಲ್ಯಾಮಿನೇಟ್ ಮಾಡುತ್ತೇವೆ. ಕೈಗೆ ಚುಚ್ಚದಿರಲಿ ಅಂತ ವೆಲ್ಕ್ರೋದ ಮೆತ್ತನೆಯ ಕಡೆ ಕಾರ್ಡಿಗೆ, ಒರಟು ಕಡೆ ಹಲಗೆಗೆ.

ಚುಕ್ಕೆಯ ಕೆಳಗೆ ಏನು ಬರೆಯಲಿ ಎನ್ನುವುದೇ ಪ್ರಶ್ನೆ.

ನನ್ನ ಒಲವು ಹೇಳಿಬಿಡುತ್ತೇನೆ. ನಿಧಾನಕ್ಕೆ ‘ಸಾವಕಾಶ’. ವಿಜಯಪುರ ಕಡೆಯ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಪದ, ಮರಾಠಿಯಲ್ಲೂ ಇದೆ, ಸದ್ದಿನ ಗೊಡವೆಗೆ ಹೋಗುವುದಿಲ್ಲ. ವೇಗಕ್ಕೆ ಅದರ ಜೋಡಿ ‘ಲಗೂನ’. ಆದರೆ ಕುಂದಾಪುರದ ಅಜ್ಜಿಗೆ ಇವೆರಡೂ ಬಾಯಿಗೆ ಹತ್ತುವುದಿಲ್ಲ, ಅವರಿಗೆ ‘ಬೇಗ ಬೇಗ’, ‘ನಿಧಾನ’ ಕೊಡಬೇಕು. ಬರೀ ‘ಬೇಗ’ ಸಾಲದು. ‘ಬೇಗ ಬಾ’ ಅಂದರೆ ತಡಮಾಡದೆ ಬಾ ಅಂತಲೂ ಆಗುತ್ತೆ, ಜೋಡಿಸಿ ಹೇಳಿದರೆ ವೇಗಕ್ಕೇ ನಿಲ್ಲುತ್ತೆ.

ಸದ್ದಿನದೇ ಕಷ್ಟ. ‘ಗಟ್ಟಿಯಾಗಿ’ ಓದುವುದಕ್ಕೆ ಸರಿ, ಆದರೆ ಅದೇ ಮಗುವಿಗೆ ನಾವು ‘ಕೋಲು ಗಟ್ಟಿಯಾಗಿ ಹಿಡಿ’ ಅನ್ನುತ್ತೇವೆ. ‘ದೊಡ್ಡ ದನಿ, ಸಣ್ಣ ದನಿ’ ಚುಕ್ಕೆಯ ಗಾತ್ರಕ್ಕೂ ಹೊಂದುತ್ತದೆ, ನನಗೆ ಇಷ್ಟ. ಆದರೆ ದನಿ ಅನ್ನುವುದು ಕೊರಳಿಗೆ ಹೆಚ್ಚು, ಚರ್ಮವಾದ್ಯಕ್ಕೆ ‘ದೊಡ್ಡ ಸದ್ದು’ ಅನ್ನಬೇಕೇನೋ. ಸಂಗೀತ ಬಲ್ಲ ಸ್ನೇಹಿತರೊಬ್ಬರು ‘ತಾರ, ಮಂದ್ರ’ ಬರಿ ಅಂದರು. ಅದು ಸ್ವರ ಮೇಲಿನದೋ ಕೆಳಗಿನದೋ ಎಂಬ ಸ್ಥಾಯಿಯ ಮಾತು, ಸದ್ದಿನದಲ್ಲ. ನಿಧಾನಕ್ಕೆ ವಿಳಂಬ, ವೇಗಕ್ಕೆ ದ್ರುತ ಅನ್ನುವುದು ಲಯಕ್ಕೇನೋ ಸರಿ, ಅಜ್ಜಿ ಮೊಮ್ಮಗನಿಗೆ ‘ದ್ರುತವಾಗಿ ಬಾರ್ಸು’ ಅನ್ನುವುದನ್ನು ಊಹಿಸಿಕೊಳ್ಳಿ.

ಇನ್ನೊಂದು ಸಣ್ಣ ಪ್ರಶ್ನೆ. ಮರಾಠಿಯಲ್ಲಿ ‘ವಾಜವ್’ ಎಂಬ ಒಂದೇ ಕಾರ್ಡು ಎಲ್ಲ ವಾದ್ಯಕ್ಕೂ ಆಗುತ್ತೆ. ನಮ್ಮಲ್ಲಿ ಹಾರ್ಮೋನಿಯಂ ನುಡಿಸಬೇಕು, ಡೋಲಕ್ ಬಾರಿಸಬೇಕು, ಪೀಪಿ ಊದಬೇಕು. ಮೂರು ಕಾರ್ಡು ಮಾಡುವುದೇ ಸರಿಯೆಂದು ನನ್ನ ಅಭಿಪ್ರಾಯ, ಕೈ ಮಾಡುವ ಕೆಲಸವೂ ಬೇರೆಬೇರೆಯಲ್ಲವೇ? ಎಲ್ಲಕ್ಕೂ ‘ಬಾರಿಸು’ ಅನ್ನುವ ಊರಿನವರಿದ್ದರೆ ತಿಳಿಸಿ.

ಉತ್ತರಿಸುವವರು ಪದಕೋಶ ತೆರೆಯದೆ ಈ ಎರಡನ್ನು ತುಂಬಿ ಕಳಿಸಿ, ಊರಿನ ಹೆಸರೂ ಇರಲಿ:

ಮಗು ಮಲಗಿದೆ, ______ ಮಾತಾಡು.
ಕೊಡ ತುಂಬಿದೆ, ______ ನಡಿ.

ಎರಡರಲ್ಲೂ ಒಂದೇ ಪದ ಬಂದರೆ, ‘ಅದಲ್ಲದೆ ಇನ್ನೇನಂತೀರಿ?’ ಎಂದು ಮನೆಯ ಹಿರಿಯರನ್ನು ಒಮ್ಮೆ ಕೇಳಿ ಬರೆಯಿರಿ. ಅಲ್ಲಿಯವರೆಗೆ ಕಾರ್ಡಿನ ಕೆಳಭಾಗ ಖಾಲಿ ಬಿಟ್ಟೇ ಮುದ್ರಿಸುತ್ತಿದ್ದೇನೆ, ಪದದ ಪಟ್ಟಿಯನ್ನು ಆಮೇಲೆ ಅಂಟಿಸಿದರಾಯಿತು.