ಕ್ಲೌನ್ ಲೋಚ್‌ಗೆ ಮೂರಡಿ ತೊಟ್ಟಿ ಸಾಕೇ? ಫಿಲ್ಟರ್ ಯಾವುದು ಹಾಕಲಿ?

ಕೇಳಿದವರು, ಹಾಸನ

ಅಂಗಡಿಯಲ್ಲಿ ಕ್ಲೌನ್ ಲೋಚ್ ಮೀನು ನೋಡಿದಾಗಿನಿಂದ ಮಗಳದು ಒಂದೇ ಹಟ. ಕಿತ್ತಳೆ ಮೈ, ಮೂರು ಕಪ್ಪು ಪಟ್ಟೆ, ಬೆರಳುದ್ದದ ಮರಿಗಳು. ಮನೆಯಲ್ಲಿ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಹಳೆಯ ತೊಟ್ಟಿ ಇದೆ. ಮೊದಲು ಗೋಲ್ಡ್‌ಫಿಶ್ ಇದ್ದವು, ಈಗ ಖಾಲಿ. ಆರು ಮರಿ ತಂದು, ಅಂಗಡಿಯವರು ಕೊಡುವ, ತೊಟ್ಟಿಯ ಮೇಲೆ ಕೂರಿಸುವ ಟಾಪ್ ಫಿಲ್ಟರ್ ಹಾಕಿದರೆ ನಡೆಯುತ್ತದೆಯೇ? ಬರುವ ಭಾನುವಾರ ತರುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೇನೆ. ಸಾಕಿದವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ, ಹನ್ನೊಂದು ವರ್ಷದಿಂದ ಸಾಕುತ್ತಿರುವವರು

ಸರ್, ಮೊದಲು ಆ ಭಾನುವಾರದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ. ಮಗಳು ಎರಡು ದಿನ ಮುನಿಸಿಕೊಂಡರೂ ಪರವಾಗಿಲ್ಲ.

ಇದು ಸುಮಾತ್ರಾ ಮತ್ತು ಬೋರ್ನಿಯೊ ನದಿಗಳ ಮೀನು. ಅಂಗಡಿಯಲ್ಲಿ ಎರಡು ಅಂಗುಲ ಕಾಣುವುದು ನಿಧಾನವಾಗಿ ಬೆಳೆದು ಎಂಟು, ಹತ್ತು ಅಂಗುಲ ಮುಟ್ಟುತ್ತದೆ. ಇಪ್ಪತ್ತು ವರ್ಷ ಬದುಕುವುದೂ ಉಂಟು. ನಿಮ್ಮ ಮಗಳ ಮದುವೆಗೂ ಇರಬಹುದು! ಒಂದೆರಡನ್ನು ಸಾಕಿದರೆ ಮೂಲೆ ಹಿಡಿದು ಕೂರುತ್ತವೆ, ಆದ್ದರಿಂದ ಐದಾರಾದರೂ ಬೇಕು. ನಿಮ್ಮ ತೊಟ್ಟಿಗೆ ಹಿಡಿಯುವುದು ಹೆಚ್ಚೆಂದರೆ 190 ಲೀಟರ್. ಮರಿಗಳು ಅದರಲ್ಲಿ ಒಂದಷ್ಟು ತಿಂಗಳು ಇರಬಹುದು, ಮುಂದೆ ಆಗುವುದಿಲ್ಲ. ನಾನೂ ಮೂರಡಿಯಿಂದ ಆರಂಭಿಸಿ, ನಾಲ್ಕಡಿಗೆ ಹೋಗಿ, ಕೊನೆಗೆ ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ್ದನ್ನು ಮಾಡಿಸಿದೆ. ಮೂರು ತೊಟ್ಟಿಯ ದುಡ್ಡು ಕೊಟ್ಟು ಒಂದು ತೊಟ್ಟಿ ಇಟ್ಟುಕೊಂಡಿದ್ದೇನೆ. ಇದಕ್ಕೆ ಸುಮಾರು 550 ಲೀಟರ್ ನೀರು, ಅಂದರೆ 550 ಕಿಲೋ ಭಾರ, ಗಾಜು ಮತ್ತು ಸ್ಟ್ಯಾಂಡ್ ಬೇರೆ. ನೆಲ ತಡೆಯುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ತೊಟ್ಟಿಯ ಕೆಳಗೆ ಥರ್ಮಾಕೋಲ್ ಹಾಳೆ ಹಾಕುವುದನ್ನು ಮರೆಯಬೇಡಿ.

ಇನ್ನು ಫಿಲ್ಟರ್. ಕಸ ಹಿಡಿಯುವುದು ಅದರ ಚಿಕ್ಕ ಕೆಲಸ. ಮೀನಿನ ಹೇಲು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡಿದ ಮೇಲೆ ಮೀನಿಗೆ ಉಸಿರು ಬರುತ್ತದೆ. ಈ ಬ್ಯಾಕ್ಟೀರಿಯಾಗಳು ಸ್ಪಾಂಜ್ ಮತ್ತು ಸೆರಾಮಿಕ್ ರಿಂಗ್‌ಗಳ ಮೇಲೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಲೋಚ್ ತರಬಾರದು. ನೀರು ತುಂಬಿದ, ಮೀನಿಲ್ಲದ ತೊಟ್ಟಿಗೆ ದಿನಾ ಚಿಟಿಕೆ ಮೀನಿನ ಆಹಾರ ಹಾಕಿ ಫಿಲ್ಟರ್ ಓಡಿಸಿ. ಪರೀಕ್ಷೆಯ ಕಿಟ್‌ನಲ್ಲಿ ಅಮೋನಿಯಾ ಏರಿ ಇಳಿದು, ಆಮೇಲೆ ನೈಟ್ರೈಟ್ ಏರಿ ಇಳಿದು, ಎರಡೂ ಸೊನ್ನೆಗೆ ಬಂದರೆ ತೊಟ್ಟಿ ಪಕ್ವವಾಯಿತು. ಗೆಳೆಯರ ಆರೋಗ್ಯವಂತ ತೊಟ್ಟಿಯಿಂದ ಹಳೆಯ ಸ್ಪಾಂಜ್ ಒಂದನ್ನು ತಂದು ಇಟ್ಟರೆ ಬೇಗ ಆಗುತ್ತದೆ. ನಮ್ಮಲ್ಲಿ ಮೊಸರಿಗೆ ಹೆಪ್ಪು ಹಾಕುವುದಿಲ್ಲವೇ, ಹಾಗೆಯೇ.

ಟಾಪ್ ಫಿಲ್ಟರ್ ಬೇಡವೆಂದಲ್ಲ, ದೊಡ್ಡ ತೊಟ್ಟಿಗೆ ಸಾಲದು. ನನ್ನದು ಎರಡು ಕ್ಯಾನಿಸ್ಟರ್, ಅಂದರೆ ತೊಟ್ಟಿಯ ಹೊರಗಿಡುವ ಮುಚ್ಚಿದ ಡಬ್ಬಿಯ ಫಿಲ್ಟರ್, ಮೇಲೆ ಗಂಟೆಗೆ 1,400 ಲೀಟರ್ ಎಂದು ಬರೆದಿರುವಂಥವು. ರಿಂಗು, ಸ್ಪಾಂಜ್ ತುಂಬಿ ಕೊಳೆ ಕಟ್ಟಿದ ಮೇಲೆ ಅಷ್ಟು ಬರುವುದಿಲ್ಲ, ಆದ್ದರಿಂದ ಲೆಕ್ಕಕ್ಕಿಂತ ಒಂದು ಗಾತ್ರ ದೊಡ್ಡದನ್ನೇ ತೆಗೆದುಕೊಳ್ಳಿ. ಎರಡು ಇದ್ದರೆ ಒಂದನ್ನು ಈ ತಿಂಗಳು, ಇನ್ನೊಂದನ್ನು ಮುಂದಿನ ತಿಂಗಳು ತೊಳೆಯಬಹುದು. ತೊಳೆಯುವುದು ತೊಟ್ಟಿಯಿಂದಲೇ ತೆಗೆದ ಬಕೆಟ್ ನೀರಿನಲ್ಲಿ. ನಲ್ಲಿಯ ಕ್ಲೋರಿನ್ ತಗುಲಿದರೆ ಆರು ವಾರದ ತಪಸ್ಸು ಹಾಳು. ನೀರು ಒಳಗೆಳೆಯುವ ಕೊಳವೆಯ ಬಾಯಿಗೆ ಸ್ಪಾಂಜ್ ಕಟ್ಟಿ, ಏಕೆಂದರೆ ಸಣ್ಣ ಲೋಚ್‌ಗೆ ಸಂದಿ ಕಂಡರೆ ತೂರದೆ ಇರಲಾಗದು. ಹೀಟರ್‌ಗೂ ಜಾಲರಿ ಹೊದಿಸಿ. ಅದರ ಹಿಂದೆ ಅಂಟಿಕೊಂಡು ಮಲಗಿ ಮೈ ಸುಟ್ಟುಕೊಂಡ ಮೀನು ನಮ್ಮ ಮನೆಯಲ್ಲೇ ಇದೆ.

ಮಲಗುವುದು ಎಂದಾಗ ನೆನಪಾಯಿತು. ತಂದ ಮೂರನೆಯ ದಿನ ಬೆಳಿಗ್ಗೆ ನನ್ನ ಹೆಂಡತಿ ಕೂಗಿಕೊಂಡಳು, "ಸತ್ತಿದೆ ನೋಡಿ." ಮರಳಿನ ಮೇಲೆ ಒಂದು ಪಕ್ಕಕ್ಕೆ ಒರಗಿ ಬಿದ್ದಿತ್ತು, ಕಣ್ಣು ಅಲುಗುತ್ತಿರಲಿಲ್ಲ. ತೆಗೆಯಲೆಂದು ಬಲೆ ಇಳಿಸಿದೆ, ಎದ್ದು, ಅಡಗಲೆಂದು ಇಟ್ಟ ಕೊಳವೆಯೊಳಗೆ ನುಗ್ಗಿತು. ಅವು ಮಲಗುವ ಭಂಗಿಯೇ ಅದು. ನಿಮ್ಮ ಮಗಳಿಗೆ ಮೊದಲೇ ಹೇಳಿಡಿ.

ತುಮಕೂರಿನಿಂದ

ಬಲೆಯ ಮಾತು ಬಂದದ್ದರಿಂದ ಹೇಳುತ್ತೇನೆ, ದಯವಿಟ್ಟು ಬಲೆಯಲ್ಲಿ ಹಿಡಿಯಬೇಡಿ. ಕಣ್ಣಿನ ಕೆಳಗೆ ಮಡಚಿಡುವ ಮುಳ್ಳು ಇದೆ, ಹೆದರಿದಾಗ ಹೊರಗೆ ಚಾಚುತ್ತದೆ. ನನ್ನದೊಂದು ಸಿಕ್ಕಿಕೊಂಡು, ಬಲೆಯನ್ನು ಉಗುರು ಕತ್ತರಿಯಲ್ಲಿ ಎಳೆ ಎಳೆಯಾಗಿ ಕತ್ತರಿಸಿ ಬಿಡಿಸಬೇಕಾಯಿತು. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯೇ ಸರಿ.

ನಮ್ಮದು ಬೋರ್‌ವೆಲ್ ನೀರು, ಗಾಜಿನ ಮೇಲೆ ಸುಣ್ಣದ ಗೆರೆ ಬೀಳುತ್ತದೆ. ಲೋಚ್‌ಗೆ ಮೆದು ನೀರು ಹಿತ. ಅರ್ಧ ಆರ್.ಓ. ನೀರು ಬೆರೆಸಿ ಎರಡು ವರ್ಷದಿಂದ ನಡೆಸುತ್ತಿದ್ದೇನೆ. ಒಂದು ವಾರ ಬೆರೆಸಿ ಇನ್ನೊಂದು ವಾರ ಬಿಡುವುದಾದರೆ ಬೆರೆಸುವುದೇ ಬೇಡ. ಗಡಸು ನೀರಿಗಿಂತ ಏರುಪೇರು ಕೆಟ್ಟದ್ದು.

ಮಡಿಕೇರಿಯಿಂದ

ತಳಕ್ಕೆ ಏನೂ ಹಾಕಬೇಡಿ, ಬರಿಯ ಗಾಜು ಇದ್ದರೆ ಶುಚಿ ಸುಲಭ.

ಬೆಂಗಳೂರಿನವರು ಮತ್ತೆ

ಶುಚಿ ಸುಲಭ, ನಿಜ. ಆದರೆ ಲೋಚ್ ಮೀಸೆಯಿಂದ ಕೆದಕಿ ತಿನ್ನುವ ಮೀನು. ನಯವಾದ ಮರಳು ಒಂದು ಅಂಗುಲ ಸಾಕು. ಚೂಪು ಜಲ್ಲಿ ಬೇಡ, ಮೀಸೆ ಸವೆಯುತ್ತದೆ. ತಿನ್ನುವಾಗ ಟಕ್ ಟಕ್ ಎಂದು ಸದ್ದು ಮಾಡುತ್ತವೆ, ರಾತ್ರಿ ನಡುಮನೆಯವರೆಗೂ ಕೇಳಿಸುತ್ತದೆ.

ತೀರ್ಥಹಳ್ಳಿ ಕಡೆಯಿಂದ

ಎಲ್ಲರೂ ಫಿಲ್ಟರ್ ಬಗ್ಗೆ ಹೇಳಿದಿರಿ, ಕರೆಂಟ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಮರ ಬಿದ್ದರೆ ಒಂದೂವರೆ ದಿನ ಕರೆಂಟ್ ಇರುವುದಿಲ್ಲ. ಹಾಗೆ ಒಮ್ಮೆ ಹೋಗಿ ಬಂದಾಗ ನಾನು ಸಂತೋಷದಲ್ಲಿ ಸ್ವಿಚ್ ಹಾಕಿದೆ. ಕ್ಯಾನಿಸ್ಟರ್‌ನಿಂದ ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ನೀರು ತೊಟ್ಟಿಗೆ ಬಂತು. ಮುಚ್ಚಿದ ಡಬ್ಬಿಯಲ್ಲಿ ನೀರು ಹರಿಯದಿದ್ದರೆ ಆಮ್ಲಜನಕ ತೀರಿ ಬ್ಯಾಕ್ಟೀರಿಯಾ ಸಾಯುತ್ತವೆ, ಆ ಕೊಳೆಯೆಲ್ಲ ಮೀನಿನ ಮೇಲೆ. ಆರರಲ್ಲಿ ಮೂರು ಸಂಜೆಯೊಳಗೆ ಹೋದವು. ತಪ್ಪು ನನ್ನದೇ. ಈಗ ಕೆಲವು ಗಂಟೆಗಿಂತ ಹೆಚ್ಚು ನಿಂತರೆ ಡಬ್ಬಿ ಬಿಚ್ಚಿ, ನೀರು ಚೆಲ್ಲಿ, ರಿಂಗ್ ಜಾಲಿಸಿಯೇ ಹಚ್ಚುತ್ತೇನೆ. ಜೊತೆಗೆ ಬ್ಯಾಟರಿ ಏರ್ ಪಂಪ್‌ಗೆ ಒಂದು ಸ್ಪಾಂಜ್ ಫಿಲ್ಟರ್ ಸದಾ ಸಿಕ್ಕಿಸಿರುತ್ತದೆ. ಹಾಸನದವರು ಇದನ್ನು ಮೊದಲು ಕೊಳ್ಳಿ.

ಬಿಳಿ ಚುಕ್ಕೆ ರೋಗ ಈ ಮೀನಿಗೆ ಬಲು ಬೇಗ ಬರುತ್ತದೆ, ಅದರಲ್ಲೂ ನೀರು ತಣ್ಣಗಾದಾಗ. 27, 28 ಡಿಗ್ರಿ ಇಟ್ಟುಕೊಳ್ಳಿ, ನಿಮ್ಮ ಊರಿನ ಚಳಿಗೆ ಹೀಟರ್ ಬೇಕೇ ಬೇಕು. ಚುಕ್ಕೆ ಕಂಡರೆ ನಿಧಾನವಾಗಿ 30 ಡಿಗ್ರಿಗೆ ಏರಿಸಿ, ಗಾಳಿ ಹೆಚ್ಚಿಸಿ, ಏಕೆಂದರೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಇದರ ಹುರುಪೆ ತೀರ ಸಣ್ಣದು, ಔಷಧಿ ಬೇಗ ನಾಟುತ್ತದೆ. ನಾನು ಅರ್ಧ ಪ್ರಮಾಣದಿಂದಲೇ ಶುರು ಮಾಡುವುದು. ಚುಕ್ಕೆ ಮಾಯವಾದ ಕೂಡಲೇ ನಿಲ್ಲಿಸಬೇಡಿ. ಔಷಧಿ ಕೊಲ್ಲುವುದು ನೀರಿನಲ್ಲಿ ಈಜುವ ಹಂತದ ರೋಗಾಣುವನ್ನು ಮಾತ್ರ.

ಇನ್ನೊಂದು ಮಾತು. ಮೂರಡಿ ತೊಟ್ಟಿಯೇ ಇರಲಿ ಎನ್ನುವುದಾದರೆ ಜೀಬ್ರಾ ಲೋಚ್ ನೋಡಿ, ಮೂರು ನಾಲ್ಕು ಅಂಗುಲಕ್ಕೆ ನಿಲ್ಲುತ್ತದೆ. ಅದು ನಮ್ಮ ಪಶ್ಚಿಮ ಘಟ್ಟದ್ದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಸಿ. ಆರ್. ನಾರಾಯಣ ರಾವ್ 1920ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ನಮ್ಮ ಇದೇ ತುಂಗೆಯ ಮೀನಿನಿಂದ. ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ, ಆದ್ದರಿಂದ ಹೊಳೆಯಲ್ಲಿ ಹಿಡಿದದ್ದಾದರೆ ಕೊಳ್ಳಬೇಡಿ. ಮನೆ ಮುಂದಿನ ಹೊಳೆಯ ಮೀನು ಬಿಟ್ಟು ಸುಮಾತ್ರಾದ್ದನ್ನು ಸಾಕುತ್ತಿರುವವನು ಹೇಳುತ್ತಿದ್ದೇನೆ, ನಕ್ಕುಬಿಡಿ.

ಕೇಳಿದವರು, ಹಾಸನ

ಎಲ್ಲರಿಗೂ ಧನ್ಯವಾದ. ಅಂಗಡಿಗೆ ಫೋನ್ ಮಾಡಿ ಮೀನು ಎತ್ತಿಡಬೇಡಿ ಎಂದೆ. ಮಗಳು ಮಾತು ಬಿಟ್ಟಿದ್ದಳು; ಅಮೋನಿಯಾ ಪರೀಕ್ಷೆಯ ಕಿಟ್ ಅವಳ ಕೈಗೇ ಕೊಡುತ್ತೇನೆ ಎಂದ ಮೇಲೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಆರು ವಾರ ಎಣಿಸಿ ಗುರುತು ಹಾಕಿದ್ದಾಳೆ. ನಾನು ಟೇಪ್ ಹಿಡಿದು, ಐದಡಿ ತೊಟ್ಟಿ ನಮ್ಮ ಮೆಟ್ಟಿಲಿನ ತಿರುವಿನಲ್ಲಿ ಹಿಡಿಸುತ್ತದೆಯೇ ಎಂದು ಅಳೆಯುತ್ತಿದ್ದೇನೆ.