ಬೇರಿಯಂ ಟೈಟನೇಟ್ ಮೇಲ್ಮೈ: ಎಸ್‌ಟಿಎಂನಲ್ಲಿ ಪರಮಾಣು ಕಾಣುತ್ತಿಲ್ಲ

ಪ್ರಶ್ನೆ: ಎಸ್‌ಟಿಎಂನಲ್ಲಿ (ಚೂಪು ಸೂಜಿಯಿಂದ ಮೇಲ್ಮೈಯ ಪರಮಾಣುಗಳನ್ನು ತೋರಿಸುವ ಸೂಕ್ಷ್ಮದರ್ಶಕ) ನೋಡಲೆಂದು, (001) ಎಂಬ ಮುಖ ಮೇಲಿರುವ ಬೇರಿಯಂ ಟೈಟನೇಟ್ ಹರಳನ್ನು ಅತಿ ನಿರ್ವಾತದಲ್ಲಿ 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ್ದೇನೆ. ಆದರೂ ಸೂಜಿ ಮೇಲ್ಮೈಗೆ ಗುದ್ದುತ್ತಿದೆ. ಹರಳು ಇನ್ನೂ ತಿಳಿಹಳದಿಯಾಗಿಯೇ ಇದೆ. ಎಲ್ಲಿ ತಪ್ಪಿದೆ?

ಉತ್ತರ 1: ಬಣ್ಣವೇ ಹೇಳುತ್ತಿದೆ, ಹರಳು ಇನ್ನೂ ನಿರೋಧಕ, ಬ್ಯಾಂಡ್ ಅಂತರ (ಎಲೆಕ್ಟ್ರಾನು ಮುಕ್ತವಾಗಿ ಹರಿಯಲು ದಾಟಬೇಕಾದ ಶಕ್ತಿಯ ಅಂತರ) ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್. ಟನೆಲಿಂಗ್ ಪ್ರವಾಹ (ಸೂಜಿ, ಮೇಲ್ಮೈಗಳ ನಡುವಿನ ಕಿರುಸಂದಿಯನ್ನು ದಾಟುವ ವಿದ್ಯುತ್) ಸಿಗದೆ, ಅದನ್ನು ನೋಡಿ ಸೂಜಿಯ ದೂರ ಹೊಂದಿಸುವ ಫೀಡ್‌ಬ್ಯಾಕ್ ಸೂಜಿಯನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಇನ್ನಷ್ಟು ಕಾಯಿಸಿ, ಆಮ್ಲಜನಕ ಹೊರಬಿದ್ದು, ಮುಕ್ತ ಎಲೆಕ್ಟ್ರಾನುಗಳು ಉಳಿದು, ಹರಳು ವಾಹಕವಾಗಿ ಕಡುನೀಲಿಯಾಗಬೇಕು. 120 ಡಿಗ್ರಿಯ ಆಸುಪಾಸಿನಲ್ಲಿ ಮಾತ್ರ ತೀರಾ ನಿಧಾನ! ಅಲ್ಲಿ ಹರಳಿನ ರಚನೆ ಬದಲಾಗುತ್ತದೆ, ಅವಸರಪಟ್ಟರೆ ಬಿರುಕು ಬಿಡಬಹುದು.

ಉತ್ತರ 2: ಒಪ್ಪುತ್ತೇನೆ, ಆದರೆ ಅತಿಯಾಗಿ ಕಾಯಿಸಬೇಡಿ. ಮುಕ್ತ ಎಲೆಕ್ಟ್ರಾನುಗಳು ಹೆಚ್ಚಿದಷ್ಟೂ ಧ್ರುವೀಕರಣ (ಹರಳಿನೊಳಗೆ ಧನ, ಋಣ ವಿದ್ಯುದಂಶಗಳು ತಾವಾಗಿಯೇ ಸರಿದು ನಿಲ್ಲುವ ಗುಣ) ಕುಗ್ಗುತ್ತದೆ, ನೋಡಬೇಕಾದದ್ದೇ ಕೈತಪ್ಪುತ್ತದೆ. ವಾಹಕ ತಳದ ಮೇಲೆ ಕೆಲವೇ ನ್ಯಾನೊಮೀಟರ್ ಪದರ ಬೆಳೆಸುವುದು ಮೇಲು. ಚಿತ್ರ ಸಿಕ್ಕ ಕೂಡಲೇ ಮೇಲ್ಮೈಯಲ್ಲಿ ಪರಮಾಣು ಪದರಗಳ ನಡುವಿನ ಮೆಟ್ಟಿಲಿನ ಎತ್ತರ ಅಳೆಯಿರಿ: ಎಲ್ಲೆಡೆ 4 ಆಂಗ್‌ಸ್ಟ್ರಾಮ್ (0.4 ನ್ಯಾನೊಮೀಟರ್) ಆದರೆ ಒಂದೇ ಬಗೆಯ ಪದರ ಮೇಲಿದೆ, 2 ಬಂದರೆ ಬೇರಿಯಂ, ಟೈಟಾನಿಯಂ ಪದರಗಳೆರಡೂ ಬೆರೆತಿವೆ.