ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಕ್ಯಾಚ್ ಹಿಡೀತಿಲ್ಲ, ತಲೆ ಕೆಟ್ಟೋಗಿದೆ

ಜಯನಗರ_ಡಾರ್ಟ್:
ನರ್ಫ್ ರಿಟಾಲಿಯೇಟರ್ (ಸ್ಪ್ರಿಂಗ್‌ನಿಂದ ಫೋಮ್ ಡಾರ್ಟ್ ಹಾರಿಸೋ ಆಟಿಕೆ ಗನ್) ಮಾದರಿಯ ಕ್ಲೋನ್. ಸ್ಪ್ರಿಂಗ್ ಬದಲಾಯಿಸಿದೆ. ಈಗ ಸ್ಲೈಡ್ ಪೂರ್ತಿ ಎಳೆದ್ರೂ 'ಟಕ್' ಅನ್ನಲ್ಲ, ಅಂದ್ರೆ ಗಾಳಿ ತಳ್ಳೋ ಪ್ಲಂಜರನ್ನ (ಪಿಸ್ಟನ್) ಹಿಂದೆ ಹಿಡಿದಿಡೋ ಕೊಂಡಿ, ಅದೇ ಕ್ಯಾಚ್, ಹಿಡೀತಿಲ್ಲ. ಹತ್ತು ಸಲಕ್ಕೆ ಎರಡು ಸಲ ಹಿಡಿಯುತ್ತೆ, ಅದೂ ಸ್ಲೈಡ್ ಮುಂದಕ್ಕೆ ತಳ್ಳುವಾಗ ತಾನೇ ಬಿಟ್ಕೊಳುತ್ತೆ. ಮೂರು ಸಲ ಬಿಚ್ಚಿ ಜೋಡಿಸಿದ್ದಾಯ್ತು. ಭಾನುವಾರ ಆಟ ಇದೆ, ಯಾರಾದ್ರೂ ಬೇಗ ಹೇಳಿ.

ಕ್ಯಾಚ್_ಕಿಂಗ್:
ಕ್ಯಾಚ್ ಸ್ಪ್ರಿಂಗ್ ವೀಕ್ ಮಗಾ, ಇನ್ನೇನಿಲ್ಲ. ಜೆಲ್ ಪೆನ್ನಿನ ಸ್ಪ್ರಿಂಗ್ ಅರ್ಧ ಕತ್ತರಿಸಿ ಹಳೇದರ ಒಳಗೆ ಕೂರಿಸು. ಕೆಲಸ ಮುಗೀತು.

ಪೀಣ್ಯ_ಲೇತ್:
ಯಾವ ಸ್ಪ್ರಿಂಗ್? ತಂತಿ ಎಷ್ಟು ದಪ್ಪ, ಎಷ್ಟು ಸುತ್ತು? ಇದು ಹೇಳದೆ ಏನು ಹೇಳೋದು ಸರ್.

ಜಯನಗರ_ಡಾರ್ಟ್:
ಪೆನ್ ಸ್ಪ್ರಿಂಗ್ ಹಾಕ್ದೆ. ಟ್ರಿಗರ್ ಕಲ್ಲಿನ ಥರ ಗಟ್ಟಿ ಆಯ್ತು, ಅಷ್ಟೇ. ಸ್ಪ್ರಿಂಗ್ ಗಟ್ಟಿಯಾಗಿದೆ, ಮಾಮೂಲಿ ಅಪ್‌ಗ್ರೇಡ್ ಸ್ಪ್ರಿಂಗೇ.

ಕ್ಯಾಚ್_ಕಿಂಗ್:
ಹಾಗಾದ್ರೆ ಕ್ಯಾಚಿನ ಮುಖ ಸವೆದಿದೆ. ಸಣ್ಣ ಅರದಲ್ಲಿ 90 ಡಿಗ್ರಿಗೆ ಚೌಕ ಮಾಡು. ಆಗಲಿಲ್ವಾ, ಅಲ್ಯುಮಿನಿಯಂ ಕ್ಯಾಚ್ ಹಾಕು. ಪ್ಲಂಜರ್ ಸುತ್ತ ಇರೋ ರಬ್ಬರ್ ಬಳೆಗೆ (ಓ-ರಿಂಗ್) ವ್ಯಾಸಲೀನ್ ಸವರೋದು ಮರೀಬೇಡ.

ಗಾಳಿ_ಗಂಟು:
ವ್ಯಾಸಲೀನ್ ಬೇಡ್ರಪ್ಪಾ! ಓ-ರಿಂಗ್ ನೈಟ್ರೈಲ್ ರಬ್ಬರ್ ಆಗಿದ್ರೆ ಪರವಾಗಿಲ್ಲ. ಇಪಿಡಿಎಂ ಅನ್ನೋ ರಬ್ಬರ್ ಆಗಿದ್ರೆ ಊದಿಕೊಂಡು ಟ್ಯೂಬ್‌ನಲ್ಲಿ ಸಿಕ್ಕಿಹಾಕ್ಕೊಳುತ್ತೆ. ಕ್ಲೋನ್‌ನಲ್ಲಿ ಯಾವ ರಬ್ಬರ್ ಅಂತ ಯಾರಿಗೆ ಗೊತ್ತು? ಸಿಲಿಕೋನ್ ಗ್ರೀಸ್ ತಗೊಳ್ಳಿ, ಕಡಲೆ ಕಾಳಿನಷ್ಟು ಸಾಕು.

ಕ್ಯಾಚ್_ಕಿಂಗ್:
ನೈಟ್ರೈಲೇ ಇರುತ್ತೆ ಗುರು. ಎಲ್ಲರೂ ವ್ಯಾಸಲೀನೇ ಹಾಕೋದು.

ಗಾಳಿ_ಗಂಟು:
ಎಲ್ಲರೂ ಹಾಕ್ತಾರೆ, ಆಮೇಲೆ ಬಂದು 'ರೇಂಜ್ ಬಿತ್ತು' ಅಂತ ಇಲ್ಲೇ ಅಳ್ತಾರೆ.

ಪೀಣ್ಯ_ಲೇತ್:
ಗ್ರೀಸ್ ಜಗಳ ಆಮೇಲೆ ಮಾಡ್ಕೊಳ್ಳಿ. ಜಯನಗರ ಸರ್, ಮುಖ್ಯ ಸ್ಪ್ರಿಂಗ್ ಪೂರ್ತಿ ತೆಗೆದು ಶೆಲ್ ಮುಚ್ಚಿ ಸ್ಲೈಡ್ ಎಳೀರಿ. ಟಕ್ ಅಂದ್ರೆ ಕ್ಯಾಚ್ ಸರಿ ಇದೆ. ಇನ್ನೊಂದು: ಸ್ಪ್ರಿಂಗ್ ಇದ್ದಾಗ ಎಳೆದ್ರೆ ಕೊನೇಲಿ ನಿಧಾನಕ್ಕೆ ಬಿಗಿ ಆಗುತ್ತಾ, ಗೋಡೆಗೆ ಹೊಡೆದ ಹಾಗೆ ನಿಲ್ಲುತ್ತಾ?

ಜಯನಗರ_ಡಾರ್ಟ್:
ಸ್ಪ್ರಿಂಗ್ ಇಲ್ದೆ ಪ್ರತಿ ಸಲ ಟಕ್ ಅಂತಿದೆ. ಸ್ಪ್ರಿಂಗ್ ಇದ್ರೆ ಗೋಡೆಗೆ ಹೊಡೆದ ಹಾಗೇ. ತಂತಿ 1.4 ಮಿಮೀ, 30 ಸುತ್ತು. ಹಾಂ, ಒತ್ತಡ ಇನ್ನಷ್ಟು ಬರ್ಲಿ ಅಂತ ಸ್ಪ್ರಿಂಗ್ ಹಿಂಭಾಗಕ್ಕೆ 10 ಮಿಮೀ ಪಿವಿಸಿ ಪೈಪ್ ತುಂಡು ಇಟ್ಟಿದ್ದೀನಿ. ಹಳೇ ಸ್ಪ್ರಿಂಗೂ ಒಳಗೇ ಇದೆ. ಅದೆಲ್ಲ ಎಲ್ಲರೂ ಮಾಡೋದೇ ಅಲ್ವಾ?

ಪೀಣ್ಯ_ಲೇತ್:
ಇದನ್ನ ಮೊದಲ ಪೋಸ್ಟ್‌ನಲ್ಲೇ ಹೇಳಿದ್ರೆ ಪೆನ್ನಾದ್ರೂ ಉಳೀತಿತ್ತು. ಸ್ಪ್ರಿಂಗ್ ಇಲ್ದೆ ಕ್ಯಾಚ್ ಹಿಡಿದ ಸ್ಥಿತಿಯಲ್ಲಿ, ಪ್ಲಂಜರ್ ತಲೆ ಹಿಂಭಾಗದಿಂದ ಸ್ಪ್ರಿಂಗ್ ಕೂರೋ ಗೋಡೆವರೆಗೆ ಅಳತೆ ಎಷ್ಟು?

ಜಯನಗರ_ಡಾರ್ಟ್:
52 ಮಿಮೀ.

ಪೀಣ್ಯ_ಲೇತ್:
ಅಲ್ಲೇ ಇದೆ ನೋಡಿ. 30 ಸುತ್ತು, 1.4 ಮಿಮೀ ತಂತಿ. ಸುತ್ತುಗಳೆಲ್ಲ ಒಂದಕ್ಕೊಂದು ತಾಗಿದಾಗ ಉದ್ದ 42 ಮಿಮೀ. ಜಾಗ 52, ಪೈಪಿಗೆ 10 ಹೋಯ್ತು, ಉಳಿದಿದ್ದೂ 42. ಪ್ಲಂಜರ್‌ನಲ್ಲಿರೋ ಕಚ್ಚು ಕ್ಯಾಚ್ ದಾಟಿ ಒಂದೆರಡು ಮಿಮೀ ಹಿಂದೆ ಹೋದ್ರೆ ತಾನೇ ಕ್ಯಾಚ್ ಎದ್ದು ಅದರೊಳಗೆ ಬೀಳೋದು? ಅಷ್ಟು ಜಾಗವೇ ಇಲ್ಲ. ಆ ಎರಡು ಸಲ ಹಿಡಿದಿದ್ದು ಕಚ್ಚಿನ ಅಂಚನ್ನಷ್ಟೇ, ಅದಕ್ಕೇ ಸ್ಲೈಡ್ ಮುಂದೆ ತಳ್ಳಿದ ಕೂಡ್ಲೇ ಜಾರ್ತಿದೆ.
ಪೈಪನ್ನ 5 ಮಿಮೀಗೆ ಇಳಿಸಿ, ಇಲ್ಲಾ ತೆಗೆದುಬಿಡಿ. ಹಳೇ ಸ್ಪ್ರಿಂಗ್ ಖಂಡಿತ ತೆಗೀರಿ. ಎರಡೂ ಒಂದೇ ಕಡೆ ಸುತ್ತಿದ್ರೆ ಒಂದರ ಸುತ್ತಿನೊಳಗೆ ಇನ್ನೊಂದು ಸಿಕ್ಕಿಕೊಳುತ್ತೆ. ಒಳಗಿನದು ಹೊರಗಿನದಕ್ಕೆ ವಿರುದ್ಧ ದಿಕ್ಕಿನ ಸುತ್ತು ಆಗಿದ್ರೆ ಮಾತ್ರ ಜೋಡಿ ಹಾಕಬಹುದು.
ಸ್ಪ್ರಿಂಗ್ ಕತ್ತರಿಸೋಕೆ ಹೋಗ್ಬೇಡಿ. ಸುತ್ತು ಕಮ್ಮಿಯಾದಷ್ಟೂ ಪ್ರತಿ ಮಿಮೀಗೆ ಬಿಗಿ ಜಾಸ್ತಿ, ಆದ್ರೆ ಶುರುವಿನ ಒತ್ತಡ ಹೋಗುತ್ತೆ. ಬಲ ಬರೋದು ತಂತಿಯ ದಪ್ಪದಿಂದ, ಅದೂ ನಾಲ್ಕನೇ ಘಾತದಲ್ಲಿ. ಉಳಿದಿದ್ದೆಲ್ಲ ಒಂದೇ ಇದ್ರೆ 1.2ರಿಂದ 1.4ಕ್ಕೆ ಹೋದಾಗ ಸುಮಾರು 1.85 ಪಟ್ಟು ಬಿಗಿ.

ಕ್ಯಾಚ್_ಕಿಂಗ್:
ಲೆಕ್ಕ ಸರಿ. ಆದ್ರೂ ಇಷ್ಟು ಬಿಗಿಗೆ ಪ್ಲಾಸ್ಟಿಕ್ ಕ್ಯಾಚ್ ತಡೆಯಲ್ಲ, ಬರೆದಿಟ್ಕೊಳ್ಳಿ.

ಫ್ಲೈವೀಲ್_ಭಕ್ತ:
ಇನ್ನೂ ಸ್ಪ್ರಿಂಗ್ ಎಳೀತಾ ಕೂತಿದ್ದೀರಾ? ನನ್ ಸ್ಟ್ರೈಫ್ (ಸ್ಪ್ರಿಂಗ್ ಬದಲು ಮೋಟರ್ ತಿರುಗಿಸೋ ಚಕ್ರಗಳು, ಅಂದ್ರೆ ಫ್ಲೈವೀಲ್, ಡಾರ್ಟ್ ಎಸೆಯೋ ಗನ್) ನೋಡಿ, ಹೊಸ ಮೋಟರ್, 3ಎಸ್ (ಮೂರು ಸೆಲ್) ಲಿಪೋ ಬ್ಯಾಟರಿ. ಎಲ್ಲ ಎಸ್‌ಪಿ ರೋಡಲ್ಲೇ ಸಿಕ್ತು.

ಗಾಳಿ_ಗಂಟು:
ಮೋಟರ್ ವೈಂಡಿಂಗ್ 3ಎಸ್‌ದೋ 2ಎಸ್‌ದೋ (ಎರಡು ಸೆಲ್) ನೋಡಿದ್ಯಾ? 2ಎಸ್ ಮೋಟರ್‌ಗೆ ತುಂಬಿದ 3ಎಸ್ ಅಂದ್ರೆ 12.6 ವೋಲ್ಟ್, ಬ್ರಷ್ ಸುಟ್ಟು ಬೂದಿ.

ಫ್ಲೈವೀಲ್_ಭಕ್ತ:
ನೋಡೇ ಹಾಕಿದ್ದು. ಫೋಟೋ ಹಾಕ್ಲಾ?

ಗಾಳಿ_ಗಂಟು:
ಬೇರೆ ಥ್ರೆಡ್‌ನಲ್ಲಿ ಹಾಕಪ್ಪ.

ಜಯನಗರ_ಡಾರ್ಟ್:
ಪೈಪ್ 5 ಮಿಮೀ ಮಾಡ್ದೆ, ಹಳೇ ಸ್ಪ್ರಿಂಗ್ ತೆಗ್ದೆ. ಇಪ್ಪತ್ತಕ್ಕೆ ಇಪ್ಪತ್ತು ಸಲ ಹಿಡೀತು!! ಆದ್ರೆ ಈಗ ಬೋಲ್ಟ್ ಸ್ಲೆಡ್‌ನಲ್ಲಿ (ಸ್ಲೈಡ್ ಜೊತೆ ಹಿಂದೆ ಮುಂದೆ ಓಡೋ ಒಳಭಾಗ), ಸ್ಲೈಡ್ ಸಿಕ್ಕಿಸೋ ಜಾಗದಲ್ಲಿ, ಕೂದಲೆಳೆಯಷ್ಟು ಬಿರುಕು ಕಾಣ್ತಿದೆ. ಫೆವಿಕ್ವಿಕ್ ಸಾಕಾ?

ಪೀಣ್ಯ_ಲೇತ್:
ಸಾಲಲ್ಲ. ಅದು ಒಣಗಿದ್ರೆ ಗಾಜಿನ ಥರ, ಏಟು ಬಿದ್ದ ಕೂಡ್ಲೇ ಬಿಡುತ್ತೆ. ಗೋಡೆಗೆ ಎಳೆದೂ ಎಳೆದೂ ಬಂದ ಬಿರುಕು ಅದು. ಮೊದಲು ಬಿರುಕಿನ ತುದೀಲಿ 1.5 ಮಿಮೀ ತೂತು ಕೊರೀರಿ, ಮುಂದಕ್ಕೆ ಓಡಲ್ಲ. ಆಮೇಲೆ ಇಯರ್‌ಬಡ್‌ನಲ್ಲಿ ಅಸಿಟೋನ್ ಮುಟ್ಟಿಸಿ ನೋಡಿ. ಅಂಟಂಟಾದ್ರೆ ಎಬಿಎಸ್ ಪ್ಲಾಸ್ಟಿಕ್ ಇರಬಹುದು. ಅದೇ ಬಣ್ಣದ ಎಬಿಎಸ್ ಚೂರು ಅಸಿಟೋನ್‌ನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕರಗಿಸಿ ತುಂಬಿ, 24 ಗಂಟೆ ಮುಟ್ಟಬೇಡಿ. ಏನೂ ಆಗದೆ ಜಾರಿಕೊಂಡೇ ಇದ್ರೆ ಪಿಒಎಂ ಅನ್ನೋ ನುಣುಪು ಪ್ಲಾಸ್ಟಿಕ್ ಇರಬಹುದು, ಅದಕ್ಕೆ ಯಾವ ಅಂಟೂ ನೆಟ್ಟಗೆ ಹಿಡಿಯಲ್ಲ. ಯಾವುದೇ ಆಗ್ಲಿ, ಎರಡೂ ಬದಿಗೆ 1.5 ಮಿಮೀ ಅಲ್ಯುಮಿನಿಯಂ ಪಟ್ಟಿ ಇಟ್ಟು ಎಂ3 ಬೋಲ್ಟ್, ನೈಲಾಕ್ ನಟ್ ಬಿಗೀರಿ. ಶೆಲ್ ಒಳಗೆ ಅಷ್ಟು ಸಂದು ಇದ್ಯಾ ನೋಡ್ಕೊಂಡು ಕೌಂಟರ್‌ಸಂಕ್ ತಲೆಯ (ಮೇಲ್ಮೈಗೆ ಸಮನಾಗಿ ಒಳಗೆ ಕೂರೋ) ಬೋಲ್ಟೇ ಹಾಕಿ, ಇಲ್ದಿದ್ರೆ ಸ್ಲೆಡ್ ಉಜ್ಜುತ್ತೆ.

ಗಾಳಿ_ಗಂಟು:
ಏರ್ ರಿಸ್ಟ್ರಿಕ್ಟರ್ (ಡಾರ್ಟ್ ಇಲ್ದಾಗ ಗಾಳಿ ತಡೆಯೋ ಭಾಗ) ತೆಗೆದಿದ್ದೀರಾ? ತೆಗೆದಿದ್ರೆ ಡಾರ್ಟ್ ಇಲ್ದೆ ಖಾಲಿ ಹೊಡೀಬೇಡಿ. ತಡೆಯೋ ಗಾಳಿಯೇ ಇರಲ್ಲ, ಪ್ಲಂಜರ್ ತಲೆ ಸೀದಾ ಹೋಗಿ ಬಡಿಯುತ್ತೆ. ತಲೆಗೆ 2 ಮಿಮೀ ರಬ್ಬರ್ ಶೀಟ್ ಅಂಟಿಸಿ. ಆಟಕ್ಕೆ ಹೋಗೋರೆಲ್ಲ ಕನ್ನಡಕ ಹಾಕ್ಕೊಳ್ಳಿ, ಇದು ಈಗ ಅಂಗಡಿಯಿಂದ ತಂದ ಆಟಿಕೆ ಅಲ್ಲ.

ಜಯನಗರ_ಡಾರ್ಟ್:
ರಿಸ್ಟ್ರಿಕ್ಟರ್ ತೆಗೆದಿದ್ದೀನಿ, ಹೇಳೋದು ಮರೆತೆ. ಅಸಿಟೋನ್ ಇಲ್ಲ, ಮನೇಲಿರೋ ನೇಲ್ ಪಾಲಿಶ್ ರಿಮೂವರ್ ನಡೆಯುತ್ತಾ?

ಕ್ಯಾಚ್_ಕಿಂಗ್:
ಮೊದಲು ಕ್ಯಾಚ್ ಬದಲಾಯಿಸು ಮಗಾ.